ಸೋಲಲ್ಲ ಅಂತ ಗೊತ್ತಿದ್ದೂ ಮ್ಯಾಶ್‌ನ ಯಾಕೆ ನೋಡ್ತೀವಿ?

2024ರ ಶುರುವಿನಲ್ಲಿ ನಿಮ್ಮ ರೀಲ್ಸ್‌ನಲ್ಲೂ ಆ ಡ್ಯಾನ್ಸ್ ಬಂದಿರಬಹುದು. ಬಟ್ಟಲು ಕವುಚಿಟ್ಟ ಹಾಗೆ ಕಾಣೋ ಕಪ್ಪು ಕೂದಲಿನ ಒಬ್ಬ ಹುಡುಗ, ಮುಖದಲ್ಲಿ ಒಂದು ಚೂರೂ ಭಾವನೆ ಇಲ್ಲದೆ ಕುಣಿಯುತ್ತಾನೆ. ಹಿಂದೆ ಕ್ರೀಪಿ ನಟ್ಸ್ ಜೋಡಿಯ ‘ಬ್ಲಿಂಗ್-ಬ್ಯಾಂಗ್-ಬ್ಯಾಂಗ್-ಬಾರ್ನ್’ ಹಾಡು. ಆ ವರ್ಷ ಬಿಲ್‌ಬೋರ್ಡ್ ಜಪಾನ್‌ನ ವಾರ್ಷಿಕ ಹಾಟ್ 100 ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಇದೇ ಹಾಡು. ತುಂಬಾ ಜನಕ್ಕೆ ಡ್ಯಾನ್ಸ್ ಗೊತ್ತು, ಹುಡುಗ ಯಾರು ಅಂತ ಗೊತ್ತಿಲ್ಲ.

ಅವನ ಹೆಸರು ಮ್ಯಾಶ್ ಬರ್ನ್‌ಡೆಡ್. ಅನಿಮೆ ಹೆಸರು ‘ಮ್ಯಾಶಲ್’. ಹಾಜಿಮೆ ಕೋಮೊಟೊ ಬರೆದು ಚಿತ್ರಿಸಿದ ಮಾಂಗಾ ಇದು. ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯಲ್ಲಿ 2020ರಿಂದ 2023ರವರೆಗೆ ಬಂತು. ಎ-1 ಪಿಕ್ಚರ್ಸ್ ಸ್ಟುಡಿಯೊ ಇದನ್ನ ಅನಿಮೆ ಮಾಡಿ, 2023ರ ಏಪ್ರಿಲ್‌ನಲ್ಲಿ ಮೊದಲ ಸೀಸನ್, 2024ರ ಜನವರಿಯಲ್ಲಿ ಎರಡನೇದು ತಂದಿತು. ಮುಂದೆ ಸ್ಪಾಯ್ಲರ್ ಇದೆ, ಈಗಲೇ ಹೇಳಿಬಿಡ್ತೀನಿ.

ಕಥೆ ಸಿಂಪಲ್. ಆ ಲೋಕದಲ್ಲಿ ಎಲ್ಲರಿಗೂ ಮಂತ್ರಶಕ್ತಿ ಇದೆ, ಅದರ ಗುರುತಾಗಿ ಮುಖದ ಮೇಲೆ ಒಂದು ಗೆರೆ. ಗೆರೆ ಜಾಸ್ತಿ ಇದ್ದಷ್ಟೂ ಮರ್ಯಾದೆ ಜಾಸ್ತಿ. ಗೆರೆಯೇ ಇಲ್ಲದೆ ಹುಟ್ಟಿದವರನ್ನ ಆ ಸಮಾಜ ಬದುಕೋಕೆ ಬಿಡಲ್ಲ. ಮ್ಯಾಶ್‌ಗೆ ಗೆರೆ ಇಲ್ಲ. ಯಾರೋ ಬಿಟ್ಟುಹೋದ ಮಗುವನ್ನ ತಂದು ಸಾಕಿದ ಅಜ್ಜ, ಅವನನ್ನ ಕಾಡಿನ ನಡುವಿನ ಮನೆಯಲ್ಲಿ ಬಚ್ಚಿಟ್ಟು ಬರೀ ಕಸರತ್ತು ಮಾಡಿಸಿದ್ದಾನೆ. ಊರಿಗೆ ಹೋಗಬೇಡ ಅಂದ್ರೂ ಹುಡುಗ ಕ್ರೀಮ್ ಪಫ್ ತರೋಕೆ ಅಂತ ಹೋಗಿ ಸಿಕ್ಕಿಬೀಳ್ತಾನೆ. (ಪಫ್ ಅಂದ ಕೂಡಲೆ ನಮ್ಮ ಬೇಕರಿಯ ಎಗ್ ಪಫ್ ನೆನಪಿಸಿಕೊಳ್ಳಬೇಡಿ. ಇದು ಒಳಗೆ ಕ್ರೀಮ್ ತುಂಬಿದ, ಮೆತ್ತಗಿನ ಸಿಹಿ ತಿಂಡಿ.) ಅವನನ್ನ ಹಿಡಿಯೋಕೆ ಬಂದ ಪೊಲೀಸ್ ಅಧಿಕಾರಿ ಅವನ ತಾಕತ್ತು ನೋಡಿ ಒಂದು ಡೀಲ್ ಮುಂದಿಡ್ತಾನೆ: ಈಸ್ಟನ್ ಮಂತ್ರವಿದ್ಯಾ ಶಾಲೆಗೆ ಸೇರು, ಓದಿ ‘ಡಿವೈನ್ ವಿಷನರಿ’ ಪದವಿ ಗೆಲ್ಲು, ಆಗ ನೀನೂ ಅಜ್ಜನೂ ನೆಮ್ಮದಿಯಾಗಿ ಇರಬಹುದು. ಮ್ಯಾಶ್ ಒಪ್ಕೋತಾನೆ. ಮಂತ್ರ ಬರಲ್ಲ, ತೋಳು ಮಾತ್ರ ಇದೆ.

ಹ್ಯಾರಿ ಪಾಟರ್ ನೆನಪಾಗ್ತಿದೆಯಾ? ಆಗಲಿ ಅಂತಲೇ ಮಾಡಿದ್ದು. ಪೊರಕೆ ಮೇಲೆ ಹಾರೋ ಆಟವೂ ಇದೆ. ಎಲ್ಲರೂ ಮಂತ್ರದಿಂದ ಹಾರಿದರೆ, ಮ್ಯಾಶ್ ಗಾಳಿಯಲ್ಲೇ ಕಾಲು ಬಡಿದು ಬಡಿದು ಮೇಲೆ ಉಳೀತಾನೆ!

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಹೀರೋ ಸೋಲಲ್ಲ ಅಂತ ಮೊದಲ ಎಪಿಸೋಡ್‌ನಲ್ಲೇ ಗೊತ್ತಾದ ಮೇಲೆ ನೋಡೋಕೆ ಏನಿದೆ?

ಒಂದು, ಜೋಕ್ ಕಟ್ಟೋ ರೀತಿ. ಎದುರಾಳಿ ತನ್ನ ಮಂತ್ರ ಎಂಥದ್ದು, ಯಾಕೆ ಅದರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ ಅಂತ ಉದ್ದಕ್ಕೆ ವಿವರಿಸ್ತಾನೆ. ಬೇರೆ ಅನಿಮೆಗಳಲ್ಲಿ ಈ ಭಾಷಣ ಬೋರ್. ಇಲ್ಲಿ ಅದೇ ಜೋಕಿನ ತಯಾರಿ. ಭಾಷಣ ಉದ್ದ ಆದಷ್ಟೂ ಮ್ಯಾಶ್ ಅದನ್ನ ಎಷ್ಟು ಪೆದ್ದಾಗಿ ಮುರೀತಾನೆ ಅನ್ನೋ ಕಾತರ ನಮಗೆ. ಪ್ರವೇಶ ಪರೀಕ್ಷೆಯ ಚಕ್ರವ್ಯೂಹದಂಥ ಜಾಗ ನೋಡಿ. ಉಳಿದವರು ದಾರಿ ಹುಡುಕ್ತಾ ಇರ್ತಾರೆ, ಇವನು ಗೋಡೆ ಒಡ್ಕೊಂಡು ನೆಟ್ಟಗೆ ನಡೀತಾನೆ. ‘ಗೆಲ್ತಾನಾ’ ಅನ್ನೋ ಸಸ್ಪೆನ್ಸ್ ಹೋಗಿ ‘ಹೇಗೆ’ ಅನ್ನೋ ಸಸ್ಪೆನ್ಸ್ ಬಂತು.

ಇನ್ನೊಂದು, ಆ ಮುಖ. ನಮ್ಮ ಮಾಸ್ ಸಿನಿಮಾದ ಹೀರೋನೂ ಸೋಲಲ್ಲ. ಆದರೆ ಅವನಿಗೆ ತಾನು ಹೀರೋ ಅಂತ ಗೊತ್ತು. ಸ್ಲೋ ಮೋಷನ್ ಇದೆ, ಡೈಲಾಗ್ ಇದೆ, ಶಿಳ್ಳೆಗೆ ಗ್ಯಾಪ್ ಕೂಡ ಇದೆ. ಮ್ಯಾಶ್‌ಗೆ ಅದ್ಯಾವುದೂ ಬೇಡ. ಜಂಭ ಇಲ್ಲ, ಕೋಪವೂ ಅಪರೂಪ. ಬಾಗಿಲು ಎಳೀಬೇಕೋ ತಳ್ಳಬೇಕೋ ಗೊತ್ತಾಗದೆ ಕಿತ್ತು ಕೈಯಲ್ಲಿ ಹಿಡ್ಕೊಂಡು ನಿಂತಿರ್ತಾನೆ. ಅಷ್ಟು ಬಲ ಇರೋವನ ಪಕ್ಕ ಕೂತರೂ ಭಯ ಆಗಲ್ಲ.

‘ಒನ್ ಪಂಚ್ ಮ್ಯಾನ್’ ನೋಡಿದವರು ‘ಇದು ಅದೇ ಅಲ್ವಾ’ ಅಂತ ಕೇಳ್ತೀರ. ಅಲ್ಲ. ಸೈತಾಮಾ ಒಂದೇ ಏಟಿಗೆ ಎಲ್ಲ ಮುಗಿಸಿ, ಗೆಲುವೇ ಬೇಜಾರು ಅನ್ನೋ ಸ್ಥಿತಿಗೆ ಬಂದವನು. ಮ್ಯಾಶ್‌ಗೆ ಬೇಜಾರು ಮಾಡ್ಕೊಳ್ಳೋಕೆ ಪುರುಸೊತ್ತಿಲ್ಲ. ಮನೆಯಲ್ಲಿ ಅಜ್ಜ ಕಾಯ್ತಿದ್ದಾನೆ.

ನನಗೆ ಈ ಅನಿಮೆ ಹಿಡಿಸಿದ್ದು ಇಲ್ಲೇ. ಜಗಳದಲ್ಲಿ ಮ್ಯಾಶ್‌ನ ಸೋಲಿಸೋಕೆ ಆಗಲ್ಲ, ನಿಜ. ಆದರೆ ಅವನಿಗೆ ಬೇಕಿರೋದು ಜಗಳದ ಗೆಲುವಲ್ಲ, ಬದುಕೋಕೆ ಅನುಮತಿ. ಅದನ್ನ ಗುದ್ದಿ ತಗೊಳ್ಳೋಕೆ ಬರಲ್ಲ.

ಲ್ಯಾನ್ಸ್ ಕ್ರೌನ್ ಜೊತೆಗಿನ ಹೊಡೆದಾಟ ಇದಕ್ಕೆ ಒಳ್ಳೆ ಉದಾಹರಣೆ. ಲ್ಯಾನ್ಸ್ ಗುರುತ್ವಾಕರ್ಷಣೆಯ ಮಂತ್ರದಿಂದ ಎದುರಿದ್ದವರನ್ನ ನೆಲಕ್ಕೆ ಒತ್ತಿಬಿಡ್ತಾನೆ. ಮ್ಯಾಶ್ ಆ ಭಾರದ ಕೆಳಗೂ ಸುಮ್ಮನೆ ನಿಂತೇ ಇರ್ತಾನೆ. ಅಷ್ಟಕ್ಕೆ ನಗು ಬರುತ್ತೆ. ಆಮೇಲೆ ಗೊತ್ತಾಗುತ್ತೆ, ಲ್ಯಾನ್ಸ್‌ನ ತಂಗಿ ಆನಾಗೆ ಮಂತ್ರಶಕ್ತಿ ಕರಗಿಹೋಗೋ ಕಾಯಿಲೆ. ಗೆರೆ ಪೂರ್ತಿ ಮಾಸಿದ ದಿನ ಅವಳಿಗೂ ಮ್ಯಾಶ್‌ಗೆ ಕಾದಿರೋ ಗತಿಯೇ. ಅವಳನ್ನ ಉಳಿಸೋಕೆ ಅಣ್ಣನಿಗೂ ಅದೇ ಡಿವೈನ್ ವಿಷನರಿ ಪದವಿ ಬೇಕು, ಅದು ಸಿಗೋದು ವರ್ಷಕ್ಕೆ ಒಬ್ಬರಿಗೆ. ಅಂದ್ರೆ ಒಂದೇ ನಿಯಮದಿಂದ ತಮ್ಮವರನ್ನ ಕಾಪಾಡೋಕೆ ಹೊರಟ ಇಬ್ಬರು ಹುಡುಗರು, ಆ ನಿಯಮ ಮಾಡಿದವರನ್ನ ಬಿಟ್ಟು ಒಬ್ಬರನ್ನೊಬ್ಬರು ಹೊಡೀತಿದ್ದಾರೆ. ನಾನು ಆ ಎಪಿಸೋಡ್‌ನ ಎರಡನೇ ಸಲ ನೋಡಿದಾಗ ಅಷ್ಟಾಗಿ ನಗೋಕೆ ಆಗಲಿಲ್ಲ.

ಎರಡನೇ ಸೀಸನ್ ಇದನ್ನೇ ಮುಂದಕ್ಕೆ ತಗೊಂಡು ಹೋಗುತ್ತೆ. ಗುಟ್ಟು ಬಯಲಾಗಿದೆ, ಮ್ಯಾಶ್‌ನ ಏನು ಮಾಡಬೇಕು ಅಂತ ದೊಡ್ಡವರು ಕೂತು ವಿಚಾರಣೆ ನಡೆಸ್ತಾರೆ. ಗೋಡೆ ಒಡೆದವನ ಕೈ ಅಲ್ಲಿ ಉಪಯೋಗಕ್ಕೆ ಬರಲ್ಲ. ಅವನ ಪರವಾಗಿ ಬೇರೆಯವರು ಬಾಯಿ ಬಿಡಬೇಕು.

ತಕರಾರೂ ಇದೆ. ಒಂದೇ ಸಲ ಹತ್ತು ಎಪಿಸೋಡ್ ನೋಡಿದ್ರೆ ಸೂತ್ರ ಗೊತ್ತಾಗಿಬಿಡುತ್ತೆ: ವಿಲನ್ ಭಾಷಣ, ಗೆಳೆಯನಿಗೆ ಪೆಟ್ಟು, ಮ್ಯಾಶ್ ಎಂಟ್ರಿ. ಹುಡುಗಿಯರಿಗೆ ಕೆಲಸ ತುಂಬಾ ಕಮ್ಮಿ. ಲೆಮನ್ ಚಕ್ರವ್ಯೂಹದಲ್ಲಿ ಮ್ಯಾಶ್‌ಗೆ ಮೋಸ ಮಾಡೋ ಒಳ್ಳೆ ಪಾತ್ರವಾಗಿ ಬಂದು, ಆಮೇಲೆ ಅವನ ಹಿಂದೆ ಮದುವೆ ಕನಸು ಕಾಣ್ತಾ ಉಳಿದುಬಿಡ್ತಾಳೆ. ಬೇಜಾರಿನ ವಿಷಯ.

ಹಾಗಾಗಿ ನನ್ನ ಸಲಹೆ, ಬಿಂಜ್ ಮಾಡಬೇಡಿ. ರಾತ್ರಿ ಊಟದ ಹೊತ್ತಿಗೆ ಒಂದು ಎಪಿಸೋಡ್ ಸಾಕು. ಜಪಾನಿ ಆಡಿಯೊದಲ್ಲೇ ಸಬ್‌ಟೈಟಲ್ ಹಾಕ್ಕೊಂಡು ನೋಡಿ. ಚಿಯಾಕಿ ಕೊಬಾಯಾಶಿ ಕೊಟ್ಟಿರೋ ಆ ಸಪ್ಪೆ ದನಿಯಲ್ಲೇ ಅರ್ಧ ಕಾಮಿಡಿ ಇದೆ. ಲ್ಯಾನ್ಸ್ ಬರೋವರೆಗಾದ್ರೂ ನೋಡಿ, ಆಮೇಲೆ ಬಿಡೋದು ಬಿಡದೇ ಇರೋದು ನಿಮಗೆ ಬಿಟ್ಟಿದ್ದು.