ಗಾಂಧಿನಗರದ ಹಳೆಯ ಪದ್ಮಿನಿ

ಲಾಡ್ಜುಗಳು, ಚಲನಚಿತ್ರ ವಿತರಕರ ಕಚೇರಿಗಳು, ಸಗಟು ಮಳಿಗೆಗಳ ನಡುವೆ ಗಾಂಧಿನಗರದಲ್ಲಿ ಇನ್ನೂ ಉಳಿದಿರುವ ಕೆಲವೇ ವಾಸದ ಮನೆಗಳಲ್ಲಿ ನಮ್ಮ ದೊಡ್ಡಪ್ಪನವರದೂ ಒಂದು. ಅದರ ಅಂಗಳದಲ್ಲಿ 1984ರ ಪ್ರೀಮಿಯರ್ ಪದ್ಮಿನಿ ಕಾರೊಂದು ನಿಂತಿದೆ. ದಾರಿಹೋಕರು ತಿರುಗಿ ನೋಡುವಂಥ ಚೆಲುವೇನೂ ಅದಕ್ಕಿಲ್ಲ. ದೊಡ್ಡಪ್ಪನವರ ಕಣ್ಣು ಮಂಜಾದ ಮೇಲೆ ಅದನ್ನು ಇಟ್ಟುಕೊಳ್ಳುವುದೇ, ಕೊಟ್ಟುಬಿಡುವುದೇ ಎಂಬ ಚರ್ಚೆ ಕಳೆದ ತಿಂಗಳು ಆ ಮನೆಯಲ್ಲಿ ಎದ್ದಿತು. ನಾವೂ ಅದಕ್ಕೆ ಸಾಕ್ಷಿಯಾದೆವು.

ಮುಂಬಯಿಯ ಕುರ್ಲಾದಲ್ಲಿ ಇಟಲಿಯ ಫಿಯಟ್ 1100ರ ಮಾದರಿಯಲ್ಲಿ ತಯಾರಾಗುತ್ತಿದ್ದ ಈ ಕಾರಿಗೆ ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. ನಮ್ಮವರ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ 'ಫಿಯಟ್ಟೇ'. ನಮ್ಮ ಬೆಂಗಳೂರಿನ ಸಿಪಾನಿ ಸಂಸ್ಥೆಯೂ 80ರ ದಶಕದಲ್ಲಿ ಡಾಲ್ಫಿನ್ ಎಂಬ ಫೈಬರ್‌ಗ್ಲಾಸ್ ಮೈಯ ಪುಟ್ಟ ಕಾರನ್ನು ತಯಾರಿಸಿತ್ತು. ಹಗುರವಾದ ಅದು ರ‍್ಯಾಲಿಗಳಲ್ಲಿ ಹೆಸರು ಮಾಡಿತಾದರೂ ಇದ್ದುದು ಎರಡೇ ಬಾಗಿಲು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮುಂದೆ ಅದು ನಿಲ್ಲಲಿಲ್ಲ.

ದೊಡ್ಡಪ್ಪನವರು ಈ ಕಾರನ್ನು ನಡೆಸುತ್ತಿದ್ದ ರೀತಿಯೇ ನೋಡತಕ್ಕದ್ದು. ಬೆಳಗ್ಗೆ ರೇಡಿಯೇಟರಿನ ನೀರು ನೋಡಿ, ಚೋಕ್ ಎಳೆದು, ಎಂಜಿನ್ ಬೆಚ್ಚಗಾಗುವವರೆಗೆ ಕಾಯುವರು. ಗೇರಿನ ಹಿಡಿ ಇರುವುದು ಸ್ಟಿಯರಿಂಗ್ ಕಂಬದ ಎಡಕ್ಕೆ. ಕೆಂಪೇಗೌಡ ರಸ್ತೆಯ ಜನಜಂಗುಳಿಯಲ್ಲಿ ಮುಂದಿನ ಬಸ್ಸು ನಿಲ್ಲುವ ಮೊದಲೇ ಅದು ನಿಂತೀತೆಂದು ಊಹಿಸಿ ವೇಗ ತಗ್ಗಿಸುವರು. ಏಕೆಂದರೆ ಆ ಬ್ರೇಕಿಗೆ ಕಾಲಿನ ಬಲವಲ್ಲದೆ ಬೇರೆ ಬೆಂಬಲವಿಲ್ಲ. ಸೆಕೆಯಾದರೆ ಬಾಗಿಲಿನ ಮುಂಬದಿಯ ಮುಕ್ಕೋನ ಗಾಜನ್ನು ತಿರುಗಿಸಿದರಾಯಿತು. ಆಸ್ಪತ್ರೆಗೆ, ಬೀಗರ ಮನೆಗೆ, ಸಿದ್ಧಗಂಗೆಯ ಜಾತ್ರೆಗೆ, ಆ ಮನೆಯವರು ಎಲ್ಲಿಗೆ ಹೋದರೂ ಈ ಕಾರಿನಲ್ಲೇ. ಮುಂದಿನ ಉದ್ದ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಕುಳಿತದ್ದು ನಮಗಿನ್ನೂ ನೆನಪಿದೆ.

ಮಗನ ವಾದ ಲೆಕ್ಕಾಚಾರದ್ದು. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂಪಾಯಿಯಿದ್ದ ಆ ಶುಲ್ಕ 2022ರ ಏಪ್ರಿಲ್ ತಿಂಗಳಲ್ಲಿ 5,000ಕ್ಕೆ ಏರಿತು. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರು ಕೊಳವೆಗಳಿಗೆ ಹಿತವಲ್ಲ. ಆದ್ದರಿಂದ ಕಾರಿಗೆ ಹೊದಿಕೆ ಹೊದಿಸಿ ನೆನಪಿಗೆಂದು ನಿಲ್ಲಿಸಿಬಿಡೋಣ ಎಂದರು. ನಮಗೂ ಅದು ಸರಿಯೆಂದೇ ತೋರಿತು.

ದೊಡ್ಡಪ್ಪನವರು ಒಪ್ಪಲಿಲ್ಲ. "ನಿಲ್ಲಿಸಿದರೆ ಸಾಯುತ್ತದಪ್ಪ. ಬೇಕಾದರೆ ಓಡಿಸುವವರಿಗೆ ಕೊಟ್ಟುಬಿಡು" ಎಂದರು. ಅವರ ಮಾತಿನಲ್ಲಿ ಹಟಕ್ಕಿಂತ ಅನುಭವವೇ ಹೆಚ್ಚಾಗಿತ್ತು. ನಿಂತ ಕಾರಿನ ಕಾರ್ಬುರೇಟರಿನಲ್ಲಿ ಪೆಟ್ರೋಲು ಆರಿ ಅಂಟು ಕಟ್ಟುತ್ತದೆ, ಬ್ರೇಕಿನ ಸಿಲಿಂಡರುಗಳು ಕಚ್ಚಿಕೊಳ್ಳುತ್ತವೆ, ಬ್ಯಾಟರಿ ಬರಿದಾಗುತ್ತದೆ. ದಿನಬಳಕೆಗೆಂದೇ ಕಟ್ಟಿದ ಕಾರಿಗೆ ದಿನಬಳಕೆಯೇ ಔಷಧ ಎಂಬುದನ್ನು ಪ್ರದರ್ಶನಪ್ರಿಯರಾದ ನಮ್ಮ ಕೆಲವು ಗೆಳೆಯರು ಇನ್ನೂ ಅರಿತಂತಿಲ್ಲ!

ಕೊನೆಗೆ ತೀರ್ಮಾನ ಹೇಳಿದವಳು ಮೊಮ್ಮಗಳು. "ತಾತ, ನನಗೆ ಕಲಿಸಿಕೊಡಿ, ನಾನು ಓಡಿಸ್ತೀನಿ" ಎಂದಳು. ಚಾಲನಾ ಪರವಾನಗಿ ಆಕೆಯ ಕೈಯಲ್ಲಿತ್ತು. ಕಂಬದ ಗೇರನ್ನು ಮುಟ್ಟಿದ್ದು ಮಾತ್ರ ಇದೇ ಮೊದಲು. ಮರುವಾರ ಬೆಳಗ್ಗೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಹೊಸ ಪೆಟ್ರೋಲು ಕೊಳವೆ ತರಲು ಇಬ್ಬರೂ ಹೊರಟರು. ಹಿಂದಿನ ಸೀಟಿನಲ್ಲಿ ನಾವಿದ್ದೆವು. ಆನಂದರಾವ್ ವೃತ್ತ ತಲುಪುವಷ್ಟರಲ್ಲಿ ಕಾರು ಮೂರು ಸಲ ನಿಂತಿತು. ಹಿಂದಿನ ಆಟೋದವರು ಹಾರನ್ ಬಾರಿಸಿ ಕಂಗೆಡಿಸಿದರು. ದೊಡ್ಡಪ್ಪನವರು ಕಿಟಕಿಯಾಚೆ ನೋಡುತ್ತ ಮೆಲ್ಲಗೆ, "ಅವಸರವಿಲ್ಲ ಮಗು. ಕ್ಲಚ್ಚಿನ ಮೇಲಿನ ಕಾಲು ತೆಗೆ" ಎಂದರು.