ಬೊಟ್ಟಿನಷ್ಟು ಕೆಂಪು

ಆಟದ ಸಾಮಾನೆಂದರೆ ಮಕ್ಕಳು ಹೊತ್ತು ಕಳೆಯುವ ವಸ್ತುವೆಂದೇ ಗೃಹಸ್ಥರಾದ ನಾವು ಸಾಮಾನ್ಯವಾಗಿ ಭಾವಿಸಿರುವೆವು. ಆ ಭಾವನೆ ತಪ್ಪೆಂಬುದು ಈಚೆಗೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಂಧುಗಳ ಮನೆಗೆ ಹೋಗಿದ್ದಾಗ ನಮಗೆ ಮನವರಿಕೆಯಾಯಿತು. ಆ ಮನೆಯ ಹುಡುಗನು ಪಡಸಾಲೆಯಲ್ಲಿ ಹಳೆಯ ಪತ್ರಿಕೆಯನ್ನು ಹಾಸಿಕೊಂಡು, ಹರಿಕೇನ್ ಎಂಬ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿಗೆ ಬಣ್ಣ ಹಾಕುತ್ತಿದ್ದನು. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ವಾಯುಪಡೆಯವರು ಬರ್ಮಾದ ರಣರಂಗದಲ್ಲಿ ಹಾರಿಸಿದ ವಿಮಾನವದು.

ನಿಜವಾದ ಹರಿಕೇನಿನ ರೆಕ್ಕೆಗಳ ಉದ್ದ ತುದಿಯಿಂದ ತುದಿಗೆ 12.2 ಮೀಟರು. ಮಾದರಿಯು ಅದರ 72ರಲ್ಲೊಂದು ಪಾಲು, ಎಂದರೆ ಸುಮಾರು 17 ಸೆಂಟಿಮೀಟರು. ಈ ಲೆಕ್ಕದಲ್ಲಿಯೇ ಬಣ್ಣದ ಕೆಲಸದ ಗುಟ್ಟಿರುವುದು. ಮಾದರಿಯ ಮೇಲೆ ಬಣ್ಣವು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಉಬ್ಬಿ ನಿಂತರೂ, ನಿಜವಾದ ವಿಮಾನದಲ್ಲಿ ಅದು 7 ಮಿಲಿಮೀಟರಿನ ದಿಂಡಾದಂತೆ. ಆದುದರಿಂದ ಬಣ್ಣವನ್ನು ತೆಳುವಾಗಿ ಕಲಸಿ, ಒಂದು ಲೇಪ ಚೆನ್ನಾಗಿ ಒಣಗಿದ ಮೇಲೆ ಮತ್ತೊಂದರಂತೆ ಎರಡು ಮೂರು ಸಲ ಹಾಕಬೇಕು. ದೂರದ ಬೆಟ್ಟವು ಮಂಕಾಗಿ ಕಾಣುವಂತೆ ಸಣ್ಣ ಮಾದರಿಯೂ ದೂರದ ವಸ್ತುವಿನಂತೆ ತೋರಬೇಕಾದುದರಿಂದ, ಮೂಲದ ಬಣ್ಣಕ್ಕೆ ತುಸು ಬಿಳಿಯನ್ನು ಬೆರೆಸುವುದುಂಟು.

ಬಣ್ಣಕ್ಕೆ ಮುಂಚಿನ ಕೆಲಸವೇ ಹೆಚ್ಚು. ಅಚ್ಚಿನ ಜಿಡ್ಡು ಹೋಗುವಂತೆ ಭಾಗಗಳನ್ನು ಸಾಬೂನಿನ ನೀರಿನಲ್ಲಿ ತೊಳೆಯಬೇಕು. ಸಂದುಗಳಿಗೆ ಪುಟ್ಟಿ ತುಂಬಿ, ನಯವಾದ ವಾಟರ್ ಪೇಪರಿನಿಂದ ಒದ್ದೆಯಾಗಿ ಉಜ್ಜಬೇಕು. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರೂ ಮರದ ಗೊಂಬೆಯ ಸಂದುಗಳನ್ನು ಹುಣಿಸೆಬೀಜದ ಅಂಟಿನಿಂದಲೂ ಗೋಣಿಯ ಚೂರುಗಳಿಂದಲೂ ಮುಚ್ಚಿದ ಮೇಲೆಯೇ ಬಣ್ಣವನ್ನು ಮುಟ್ಟುವರು. ಬಣ್ಣ ತೆಳುಮಾಡುವ ದ್ರಾವಣಗಳ ಆವಿ ಕೆಟ್ಟದ್ದು. ಕಿಟಕಿ ತೆರೆದಿರಲಿ, ಒಲೆ ದೀಪಗಳು ದೂರವಿರಲಿ, ಹಿರಿಯರೊಬ್ಬರು ಹತ್ತಿರವಿರಲಿ.

ಹುಡುಗನು ಇದೆಲ್ಲವನ್ನೂ ಸರಿಯಾಗಿಯೇ ಮಾಡಿದ್ದನು. ಮೇಲ್ಭಾಗಕ್ಕೆ ಕಾಡಿನಲ್ಲಿ ಬೆರೆಯುವ ಹಸಿರು ಮತ್ತು ಮಣ್ಣಿನ ಬಣ್ಣಗಳು ಚೆನ್ನಾಗಿ ಕುಳಿತಿದ್ದುವು. ಆದರೆ ಇಂಗ್ಲೆಂಡಿನ ವಿಮಾನದ ಚಿತ್ರವೊಂದನ್ನು ನೋಡಿ, ರೆಕ್ಕೆಯ ಮುದ್ರೆಯ ನಡುವೆ ಕೆಂಪು ಬೊಟ್ಟನ್ನಿಟ್ಟಿದ್ದನು. ಅದು ಸಲ್ಲದೆಂದೆವು.

"ಒಂದು ಬೊಟ್ಟಿನಿಂದ ಏನಾಗುತ್ತದೆ, ದೊಡ್ಡಪ್ಪಾ?" ಎಂದನು.

ಜಪಾನೀಯರ ವಿಮಾನಗಳ ಗುರುತು ಕೆಂಪು ಸೂರ್ಯಬಿಂಬ. ಗಳಿಗೆಯೊಳಗೆ ಶತ್ರುವೋ ಮಿತ್ರನೋ ಎಂದು ನಿರ್ಣಯಿಸಬೇಕಾದವನಿಗೆ ಸ್ವಲ್ಪ ಕೆಂಪು ಕಂಡರೂ ಸಾಕು, ತಮ್ಮವರ ಮೇಲೆಯೇ ಗುಂಡು ಹಾರುವ ಭಯವಿದ್ದಿತು. ಆದುದರಿಂದಲೇ ಬರ್ಮಾದ ಕಡೆಯ ವಿಮಾನಗಳ ಮುದ್ರೆಯಿಂದ ಕೆಂಪನ್ನು ತೆಗೆದು, ನಡುವೆ ತಿಳಿನೀಲಿ, ಸುತ್ತ ಕಡುನೀಲಿಯನ್ನು ಇಟ್ಟರು. ಸ್ವತಂತ್ರ ಭಾರತದ ವಾಯುಪಡೆಗೆ ಕೇಸರಿ, ಬಿಳಿ, ಹಸಿರಿನ ವಲಯಗಳು ಬಂದುದು 1950ರಲ್ಲಿ.

ಹುಡುಗನು ಮಾತನಾಡದೆ ಕೇಳಿದನು. ಕೆಂಪಿನ ಮೇಲೆ ತಿಳಿ ಬಣ್ಣ ಒಂದೇ ಸಲಕ್ಕೆ ನಿಲ್ಲದು; ಉಜ್ಜಿ, ಬಿಳಿಯನ್ನು ಮೂರು ಸಲ ಕೊಟ್ಟು, ಮರುದಿನ ಬೆಳಿಗ್ಗೆ ತಿಳಿನೀಲಿಯನ್ನು ತುಂಬಿದನು. ಕಡೆಗೆ ಹೊಳಪಿಲ್ಲದ ವಾರ್ನಿಷಿನ ಲೇಪವನ್ನು ಕೊಟ್ಟನು.

ಅವನ ಮುಂದಿನ ಆಸೆ 'ಮಾರುತ'. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಅದನ್ನು ಮೊದಲು ಹಾರಿಸಿದ ಸುರಂಜನ ದಾಸರು, 1970ರಲ್ಲಿ ಅದೇ ಬಗೆಯ ವಿಮಾನದ ಪರೀಕ್ಷೆಯಲ್ಲಿ ಪ್ರಾಣವನ್ನು ತೆತ್ತರು. ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಮಾರುತವನ್ನು ಕಣ್ಣಾರೆ ಕಂಡ ಮೇಲೆಯೇ ಕುಂಚವನ್ನು ಹಿಡಿಯೆಂದು ಹೇಳಿ ಬಂದಿರುವೆವು. ಅಂಗೈಯಗಲದ ಮಾದರಿಯೂ ಜೀವವನ್ನು ಪಣವಾಗಿಟ್ಟವರ ನೆನಪೇ ಸರಿ. ಅದಕ್ಕೆ ಸುಳ್ಳು ಬಣ್ಣ ಒಪ್ಪದು.