ಟ್ಯಾಬ್ಲೆಟ್ ಕೊಳ್ಳುವ ಮುನ್ನ

ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಕಾಫಿ, ಅಡಿಕೆಗಳ ಧಾರಣೆಯ ಜೊತೆಗೆ ಈಚೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ. ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಟ್ಯಾಬ್ಲೆಟ್ ಕೊಳ್ಳಬಹುದೇ ಎಂಬುದೇ ಆ ಪ್ರಶ್ನೆ. ಎರಡು ಮೂರು ಎಕರೆ ತೋಟವುಳ್ಳವರಿಗೆ ಇದು ಸಣ್ಣ ಮೊತ್ತವಲ್ಲ. ಆದುದರಿಂದ ಈ ಬಗ್ಗೆ ನಮಗೆ ತಿಳಿದಷ್ಟನ್ನು ಇಲ್ಲಿ ವಿವರಿಸಬಯಸುತ್ತೇವೆ.

ಅಗ್ಗದ ಟ್ಯಾಬ್ಲೆಟ್ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಎಂಬ ಏಳು ಇಂಚಿನ ಟ್ಯಾಬ್ಲೆಟ್ಟನ್ನು ಬಿಡುಗಡೆ ಮಾಡಿತು. ಬೆಲೆಯೇನೋ ಮೂರು ಸಾವಿರ ರೂಪಾಯಿಯೊಳಗೇ ಇತ್ತು. ಆದರೆ ಅದರ ರ್‍ಯಾಮ್ ಕೇವಲ 256 ಎಂ.ಬಿ. ಪರದೆಯನ್ನು ಒತ್ತಿ ಒತ್ತಿ ಬಳಸಬೇಕಿತ್ತು, ಬ್ಯಾಟರಿಯೂ ಬೇಗ ಇಳಿಯುತ್ತಿತ್ತು. 2012ರ ನವೆಂಬರ್‌ನಲ್ಲಿ ಸುಧಾರಿಸಿದ ಎರಡನೆಯ ಆವೃತ್ತಿ ಬಂದರೂ ಯೋಜನೆ ಬೇರೂರಲಿಲ್ಲ. ಬೆಲೆ ಇಳಿದ ಮಾತ್ರಕ್ಕೆ ವಸ್ತು ಉಪಯೋಗಕ್ಕೆ ಬಂದೀತೆಂಬ ಭರವಸೆಯಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಹಾಗಾಗಿ ಮೊದಲು ನಮ್ಮ ಕೆಲಸಗಳನ್ನು ನೋಡೋಣ. ಪಹಣಿ, ಹವಾಮಾನ, ಮಾರುಕಟ್ಟೆ ಧಾರಣೆ ಇವೆಲ್ಲವನ್ನೂ ಈಗಿರುವ ಸ್ಮಾರ್ಟ್‌ಫೋನಿನಲ್ಲೇ ನೋಡಬಹುದು. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ 2020ರಿಂದ ರೈತರೇ ತಮ್ಮ ಸರ್ವೆ ನಂಬರಿನಲ್ಲಿ ನಿಂತು ಫೋಟೋ ಹಾಕಲು ಅವಕಾಶವಾಯಿತು. ನಿಂತ ಜಾಗವನ್ನು ಗುರುತಿಸಲು ಅದಕ್ಕೆ ಜಿ.ಪಿ.ಎಸ್. ಬೇಕು. ಸಿಮ್ ಹಾಕಲಾಗದ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಕೆಲವಕ್ಕೆ ಜಿ.ಪಿ.ಎಸ್. ಇರುವುದೇ ಇಲ್ಲ. ಎಲೆಚುಕ್ಕಿ ರೋಗದ ಗರಿಯನ್ನು ತಜ್ಞರಿಗೆ ತೋರಿಸಬೇಕಾದರೂ ಫೋನಿನ ಕ್ಯಾಮರಾವೇ ಸಾಮಾನ್ಯವಾಗಿ ಮೇಲು. ಯು.ಪಿ.ಐ. ನೋಂದಣಿಯ ವೇಳೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್‌ನಿಂದ ಅದೇ ಸಾಧನದಲ್ಲಿ ಎಸ್.ಎಂ.ಎಸ್. ಹೋಗಬೇಕು. ಸಿಮ್ ಇಲ್ಲದ ಟ್ಯಾಬ್ಲೆಟ್‌ನಲ್ಲಿ ಅದು ಆಗದ ಮಾತು.

ಕಾಫಿ ಬೆಳೆಗಾರರು ಇನ್ನೊಂದು ವಿಷಯ ಗಮನಿಸಬೇಕು. ಕಾಡು ಕಡಿದ ನೆಲದ ಕಾಫಿ ಬೇಡವೆಂದು ಯುರೋಪಿಯನ್ ಒಕ್ಕೂಟವು 2023ರಲ್ಲಿ ಕಾನೂನು ಮಾಡಿ, ಬೆಳೆದ ಜಾಗದ ಅಕ್ಷಾಂಶ ರೇಖಾಂಶಗಳನ್ನು ಕೇಳಿದೆ. ಜಾರಿಯ ದಿನ ಮುಂದಕ್ಕೆ ಹೋಗಿದ್ದರೂ ಸಿದ್ಧತೆ ತಪ್ಪದು. ನಾಲ್ಕು ಹೆಕ್ಟೇರ್, ಎಂದರೆ ಸುಮಾರು ಹತ್ತು ಎಕರೆಯವರೆಗಿನ ಜಮೀನಿಗೆ ಒಂದೇ ಬಿಂದು ಸಾಕು. ಅದನ್ನು ಗುರುತಿಸಲು ಫೋನೇ ಸಾಕಾಗುವುದರಿಂದ, ‘ಇದಕ್ಕೆ ಟ್ಯಾಬ್ಲೆಟ್ ಬೇಕೇ ಬೇಕು’ ಎನ್ನುವವರ ಮಾತಿಗೆ ಮರುಳಾಗಬೇಕಾಗಿಲ್ಲ.

ಹಾಗೆಂದು ಟ್ಯಾಬ್ಲೆಟ್ ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ಮಕ್ಕಳ ಪಾಠಕ್ಕೆ, ಕಣ್ಣು ಮಂಜಾದ ಹಿರಿಯರ ಓದಿಗೆ, ಆಳುಗಳ ಹಾಜರಿ, ಕೊಯ್ಲು, ಗೊಬ್ಬರಗಳ ಲೆಕ್ಕ ಬರೆದಿಡುವ ಮನೆಯ ಹೆಣ್ಣುಮಕ್ಕಳಿಗೆ ದೊಡ್ಡ ಪರದೆ ನಿಜಕ್ಕೂ ಅನುಕೂಲ. ಆದರೆ ಅದು ಜಗಲಿಯಲ್ಲಿ ಕುಳಿತು ಬಳಸುವ ವಸ್ತು. ಮಳೆಗಾಲದಲ್ಲಿ ಒದ್ದೆ ಬೆರಳಿಗೆ ಅದರ ಪರದೆ ಸರಿಯಾಗಿ ಓಗೊಡದು.

ಕೊಳ್ಳಲೇಬೇಕೆಂದಿರುವವರು ಈ ಕೆಳಗಿನವನ್ನು ವಿಚಾರಿಸಿ:

1. ಸಿಮ್ ಹಾಕಲು ಬರುತ್ತದೆಯೇ? ಅದರಿಂದ ಎಸ್.ಎಂ.ಎಸ್. ಹೋಗುತ್ತದೆಯೇ, ಬರಿಯ ಇಂಟರ್‌ನೆಟ್ಟೇ? ಜಿ.ಪಿ.ಎಸ್. ಇದೆಯೇ?

2. ರ್‍ಯಾಮ್ 4 ಜಿ.ಬಿ., ಸಂಗ್ರಹ 64 ಜಿ.ಬಿ.ಗೆ ಕಡಿಮೆಯಾಗದಿರಲಿ. ಸಂಗ್ರಹದ ಒಂದಷ್ಟು ಭಾಗವನ್ನು ಯಂತ್ರದ ಸ್ವಂತ ತಂತ್ರಾಂಶವೇ ನುಂಗುತ್ತದೆ.

3. ಸುರಕ್ಷತಾ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ? ಅದು ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಕ್ಷೇಮವಲ್ಲ.

4. ರಿಪೇರಿಗೆ ಎಲ್ಲಿಗೆ ಹೋಗಬೇಕು? ಒಂದು ದಿನದ ದುಡಿಮೆ ಬಿಟ್ಟು ದೂರದ ನಗರಕ್ಕೆ ಹೋಗುವಂತಿದ್ದರೆ ಆ ಖರ್ಚನ್ನೂ ಬೆಲೆಗೆ ಸೇರಿಸಿ.

5. ರಸೀದಿಯಿಲ್ಲದೆ ಕೊಳ್ಳಬೇಡಿ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟೆ. ಮನೆಯಲ್ಲಿ ಒಳ್ಳೆಯ ಫೋನಿದ್ದು, ಓದುವ ಮಕ್ಕಳಾಗಲಿ ಬರೆಯುವ ಲೆಕ್ಕವಾಗಲಿ ಇಲ್ಲದಿದ್ದರೆ ಟ್ಯಾಬ್ಲೆಟ್ ಬೇಡ. ಫೋನೇ ಹಳತಾಗಿದ್ದರೆ ಮೊದಲು ಫೋನನ್ನು ಬದಲಿಸಿ. ಮಕ್ಕಳ ಓದಿಗೆ ಬೇಕೇಬೇಕೆಂದಾದರೆ ಕೊಯ್ಲಿನ ಹಣ ಕೈಸೇರಿದ ಮೇಲೆ ಕೊಳ್ಳಿ. ಮೈಲುತುತ್ತಕ್ಕೆಂದು ತೆಗೆದಿಟ್ಟ ಹಣವನ್ನು ಮಾತ್ರ ಇದಕ್ಕೆ ಮುಟ್ಟಬೇಡಿ. ಟ್ಯಾಬ್ಲೆಟ್ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆ. ಕೊಳೆರೋಗಕ್ಕೆ ಉದುರಿದ ಅಡಿಕೆ ಮರಕ್ಕೆ ಮರಳುವುದಿಲ್ಲ.